ಟಿಸ್ಕ್ವಾಂಟಮ್

ಟಿಸ್ಕ್ವಾಂಟಮ್ (ಜನನ ಸುಮಾರು 1585, ಮರಣ ನವೆಂಬರ್ 1622) ಉತ್ತರ ಅಮೆರಿಕದ ಪೂರ್ವ ಕರಾವಳಿಯ ವಾಂಪನೋಗ್ ಜನಾಂಗಕ್ಕೆ ಸೇರಿದವನು. ಇಂಗ್ಲಿಷರ ಪ್ಲಿಮತ್ ವಸಾಹತಿಗೆ ಅದರ ಆರಂಭದ ದಿನಗಳಲ್ಲಿ ದುಭಾಷಿಯೂ ಮಾರ್ಗದರ್ಶಿಯೂ ಆಗಿದ್ದವನು. ಸ್ಕ್ವಾಂಟೊ ಎಂಬ ಮೊಟಕು ಹೆಸರಿನಿಂದ ಈತ ಹೆಚ್ಚು ಪರಿಚಿತನಾಗಿದ್ದಾನೆ. ಈತನ ಹುಟ್ಟೂರಾದ ಪಟಕ್ಸೆಟ್, ಇಂದು ಅಮೆರಿಕ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಪ್ಲಿಮತ್ ಪಟ್ಟಣವಿರುವ ಜಾಗದಲ್ಲಿಯೇ ಇತ್ತು. 1614ರಲ್ಲಿ ಇಂಗ್ಲಿಷ್ ನಾವಿಕನೊಬ್ಬನು ಈತನನ್ನು ಮೋಸದಿಂದ ಸೆರೆಹಿಡಿದು ಸ್ಪೇನಿನಲ್ಲಿ ಮಾರಲು ಕೊಂಡೊಯ್ದನು. ಐದು ವರ್ಷಗಳ ಬಳಿಕ ಈತ ಮರಳಿ ಬಂದಾಗ ಪಟಕ್ಸೆಟ್‌ನಲ್ಲಿ ಒಬ್ಬರೂ ಉಳಿದಿರಲಿಲ್ಲ. ಸಾಂಕ್ರಾಮಿಕ ರೋಗವೊಂದು ಇಡೀ ಊರನ್ನು ಬಲಿ ತೆಗೆದುಕೊಂಡಿತ್ತು. ಆ ನಿರ್ಜನ ಊರಿನ ಮೇಲೆಯೇ 1620ರಲ್ಲಿ ಮೇಫ್ಲವರ್ ಹಡಗಿನ ವಲಸಿಗರು ತಮ್ಮ ಮನೆಗಳನ್ನು ಕಟ್ಟಿಕೊಂಡರು.

ಅಮೆರಿಕದ ಶಾಲಾಪುಸ್ತಕಗಳು ಟಿಸ್ಕ್ವಾಂಟಮ್‌ನನ್ನು ಹಸಿದ ವಲಸಿಗರಿಗೆ ಜೋಳ ಬೆಳೆಯಲು ಕಲಿಸಿದ ಉಪಕಾರಿ ಗೆಳೆಯನೆಂದು ಪರಿಚಯಿಸುತ್ತ ಬಂದಿವೆ. ಇದು ಸುಳ್ಳಲ್ಲ; ಆದರೆ ಇದು ಅವನ ಬದುಕಿನ ಕೊನೆಯ ಇಪ್ಪತ್ತು ತಿಂಗಳ ಕತೆ, ಅದರಲ್ಲಿಯೂ ಅರ್ಧ ಭಾಗ ಮಾತ್ರ.

ಹೆಸರು ಮತ್ತು ಆಧಾರಗಳು

ಟಿಸ್ಕ್ವಾಂಟಮ್ ಸ್ವತಃ ಏನನ್ನೂ ಬರೆದಿಟ್ಟಿಲ್ಲ. ಅವನ ಬಗ್ಗೆ ತಿಳಿದಿರುವುದೆಲ್ಲ ಇಂಗ್ಲಿಷರ ಬರಹಗಳಿಂದ ಬಂದುದು. ಪ್ಲಿಮತ್ ವಸಾಹತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್‌ನ ಚರಿತ್ರೆ, ಅಲ್ಲಿಯ ಮುಖಂಡರಲ್ಲೊಬ್ಬನಾದ ಎಡ್ವರ್ಡ್ ವಿನ್ಸ್ಲೊ 1624ರಲ್ಲಿ ಪ್ರಕಟಿಸಿದ ವೃತ್ತಾಂತ, 1622ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ವಸಾಹತಿನ ಮೊದಲ ವರ್ಷದ ವರದಿ, ನಾವಿಕರಾದ ಜಾನ್ ಸ್ಮಿತ್ ಮತ್ತು ಥಾಮಸ್ ಡರ್ಮರ್ ಅವರ ಬರಹಗಳು ಇವುಗಳಲ್ಲಿ ಮುಖ್ಯವಾದವು. ಈ ಲೇಖಕರೆಲ್ಲರಿಗೂ ಅವನಿಂದ ಆಗಬೇಕಾದ ಕೆಲಸವಿತ್ತು. ಅವನ ಉಪಕಾರವನ್ನು ಅವರು ಹೊಗಳಿದಾಗಲೂ, ಅವನ ಕಪಟವನ್ನು ದೂರಿದಾಗಲೂ ಓದುಗರು ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಟಿಸ್ಕ್ವಾಂಟಮ್ ಎಂಬುದು ಹುಟ್ಟಿದಾಗ ಇಟ್ಟ ಹೆಸರಾಗಿರಲಿಕ್ಕಿಲ್ಲವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಆ ಪ್ರದೇಶದ ಜನರು ವಿಶ್ವವನ್ನೆಲ್ಲ ವ್ಯಾಪಿಸಿದ ಅಲೌಕಿಕ ಶಕ್ತಿಯನ್ನು ಮ್ಯಾನಿಟೊ ಎಂದು ಕರೆಯುತ್ತಿದ್ದರು. ಆ ಶಕ್ತಿಯ ಕೋಪವನ್ನು ಸೂಚಿಸುವ ಮಾತಿಗೂ ಈ ಹೆಸರಿಗೂ ಸಂಬಂಧವಿದೆಯೆಂದು ವಿವರಿಸುವುದುಂಟು. ಬದುಕಿನ ದೊಡ್ಡ ತಿರುವುಗಳಲ್ಲಿ ಹೊಸ ಹೆಸರನ್ನು ಧರಿಸುವ ಪದ್ಧತಿ ಅವರಲ್ಲಿತ್ತು.

ಹುಟ್ಟೂರು ಪಟಕ್ಸೆಟ್

ವಾಂಪನೋಗ್ ಎಂಬ ಮಾತಿಗೆ ಮೊದಲ ಬೆಳಕಿನ ಜನ, ಎಂದರೆ ಸೂರ್ಯೋದಯದ ದಿಕ್ಕಿನವರು ಎಂದು ಅರ್ಥ. ಇಂದಿನ ಮ್ಯಾಸಚೂಸೆಟ್ಸ್‌ನ ಆಗ್ನೇಯ ಭಾಗ, ರೋಡ್ ಐಲೆಂಡ್‌ನ ಪೂರ್ವ ಭಾಗ, ಕೇಪ್ ಕಾಡ್ ಎಂಬ ಕೊಂಕಿದ ಭೂಶಿರ, ಮಾರ್ಥಾಸ್ ವಿನ್‌ಯಾರ್ಡ್ ಮತ್ತು ನಾಂಟಕೆಟ್ ದ್ವೀಪಗಳು ಇವರ ನಾಡು. ಒಂದೊಂದು ಊರಿಗೆ ಅಥವಾ ಕೆಲವು ಊರುಗಳ ಗುಂಪಿಗೆ ಸೇಚಮ್ ಎನಿಸಿಕೊಂಡ ಮುಖಂಡನಿರುತ್ತಿದ್ದನು. ಪಶ್ಚಿಮದ ಪೊಕನೋಕೆಟ್‌ನ ಸೇಚಮ್ ಊಸಮೆಕ್ವಿನ್ ಇವರೆಲ್ಲರಲ್ಲಿ ಹಿರಿಯನೆನಿಸಿದ್ದನು. ಚರಿತ್ರೆಯ ಪುಸ್ತಕಗಳಲ್ಲಿ ಕಾಣುವ ಮ್ಯಾಸಸಾಯಿಟ್ ಎಂಬುದು ಈತನ ಹೆಸರಲ್ಲ, ಮಹಾನಾಯಕ ಎಂಬ ಅರ್ಥದ ಬಿರುದು.

ಪಟಕ್ಸೆಟ್ ಎಂದರೆ ಕಿರುಜಲಪಾತದ ಬಳಿಯ ಸ್ಥಳ. ಕೊಲ್ಲಿಯ ಅಂಚಿನಲ್ಲಿ, ಸಿಹಿನೀರಿನ ತೊರೆಯೊಂದು ಸಮುದ್ರಕ್ಕೆ ಸೇರುವಲ್ಲಿ ಈ ಊರಿತ್ತು. ವಸಂತದಲ್ಲಿ ಹೆರಿಂಗ್ ಜಾತಿಯ ಮೀನುಗಳು ಮೊಟ್ಟೆಯಿಡಲು ಸಮುದ್ರದಿಂದ ಈ ತೊರೆಯನ್ನು ಏರಿ ಬರುತ್ತಿದ್ದವು. ಜನರು ಬೇಸಗೆಯಲ್ಲಿ ಕರಾವಳಿಯಲ್ಲಿದ್ದು ಮೆಕ್ಕೆಜೋಳ, ಬೀನ್ಸ್, ಕುಂಬಳಗಳನ್ನು ಒಂದೇ ಹೊಲದಲ್ಲಿ ಕೂಡಿಸಿ ಬೆಳೆಯುತ್ತಿದ್ದರು. ಮೀನು, ಚಿಪ್ಪು, ಏಡಿಗಳನ್ನು ಹಿಡಿಯುತ್ತಿದ್ದರು. ಚಳಿಗಾಲದಲ್ಲಿ ಗಾಳಿಯ ಹೊಡೆತವಿಲ್ಲದ ಒಳನಾಡಿನ ಕಣಿವೆಗಳಿಗೆ ಸರಿದು ಬೇಟೆಯಾಡುತ್ತಿದ್ದರು. ಹೊಲದ ಕೆಲಸ ಹೆಚ್ಚಾಗಿ ಹೆಂಗಸರದು. ಫ್ರೆಂಚ್ ಅನ್ವೇಷಕ ಸಾಮ್ಯುಯೆಲ್ ದ ಶಾಂಪ್ಲೇನ್ 1605ರಲ್ಲಿ ಈ ಕೊಲ್ಲಿಗೆ ಬಂದು ನಕ್ಷೆಯೊಂದನ್ನು ಬರೆದನು. ಅದರಲ್ಲಿ ದಡದ ಉದ್ದಕ್ಕೂ ದುಂಡು ಮನೆಗಳು, ಅವುಗಳ ಸುತ್ತ ಬೆಳೆ ತುಂಬಿದ ಹೊಲಗಳು, ಅಡುಗೆಯ ಹೊಗೆ ಎಲ್ಲವೂ ಕಾಣುತ್ತವೆ. ಹದಿನೈದು ವರ್ಷಗಳ ಅನಂತರ ಇದೇ ದಡಕ್ಕೆ ಬಂದವರು ಇದನ್ನು ದೇವರು ತಮಗಾಗಿ ಖಾಲಿ ಮಾಡಿಟ್ಟ ನೆಲವೆಂದು ನಂಬಿದರು. ಶಾಂಪ್ಲೇನ್‌ನ ನಕ್ಷೆಯನ್ನು ನೋಡಿದವರಿಗೆ ಆ ನಂಬಿಕೆಯನ್ನು ಒಪ್ಪುವುದು ಕಷ್ಟ.

ಟಿಸ್ಕ್ವಾಂಟಮ್‌ನ ಬಾಲ್ಯದ ಬಗ್ಗೆ ದಾಖಲೆಗಳಿಲ್ಲ. ಇಂಗ್ಲೆಂಡಿನ ಫರ್ಡಿನಾಂಡೊ ಗಾರ್ಜಸ್ ತನ್ನ ಮುಪ್ಪಿನಲ್ಲಿ ಬರೆದ ನೆನಪುಗಳಲ್ಲಿ, 1605ರಲ್ಲಿ ಜಾರ್ಜ್ ವೇಮತ್ ಎಂಬ ನಾವಿಕನು ಮೇನ್ ಕರಾವಳಿಯಿಂದ ಅಪಹರಿಸಿ ತಂದ ಐವರಲ್ಲಿ ಟಿಸ್ಕ್ವಾಂಟಮ್ ಒಬ್ಬನೆಂದು ಹೇಳಿದ್ದಾನೆ. ಆ ಯಾನದಲ್ಲಿದ್ದವನೇ ಬರೆದ ವರದಿಯ ಪಟ್ಟಿಯಲ್ಲಿ ಈ ಹೆಸರಿಲ್ಲ. ಗಾರ್ಜಸ್‌ನ ನೆನಪು ತಪ್ಪಿರಬೇಕೆಂದು ಹೆಚ್ಚಿನ ಇತಿಹಾಸಕಾರರು ಭಾವಿಸುತ್ತಾರೆ. ಈತನನ್ನು ಎರಡು ಸಲ ಅಪಹರಿಸಲಾಗಿತ್ತೆಂಬ ಜನಪ್ರಿಯ ಹೇಳಿಕೆಯ ಮೂಲ ಇದೇ.

1614ರ ಅಪಹರಣ

1614ರಲ್ಲಿ ಕ್ಯಾಪ್ಟನ್ ಜಾನ್ ಸ್ಮಿತ್ ಎರಡು ಹಡಗುಗಳೊಂದಿಗೆ ಈ ಕರಾವಳಿಗೆ ಬಂದು ಮೀನು ಹಿಡಿಸಿದನು, ತುಪ್ಪಳದ ವ್ಯಾಪಾರ ಮಾಡಿದನು, ನಕ್ಷೆ ತಯಾರಿಸಿದನು. ತಾನು ಮರಳುವಾಗ ಎರಡನೆಯ ಹಡಗನ್ನು ಥಾಮಸ್ ಹಂಟ್ ಎಂಬವನ ವಶಕ್ಕೆ ಬಿಟ್ಟುಹೋದನು. ಒಣಗಿಸಿದ ಮೀನನ್ನು ತುಂಬಿಕೊಂಡು ಸ್ಪೇನಿನ ಮಾಲಗಾ ಬಂದರಿಗೆ ಹೋಗಿ ಮಾರುವುದು ಹಂಟ್‌ಗೆ ವಹಿಸಿದ್ದ ಕೆಲಸ. ಅವನು ಅದರೊಡನೆ ಮನುಷ್ಯರನ್ನೂ ತುಂಬಿಕೊಂಡನು. ವ್ಯಾಪಾರದ ನೆಪದಲ್ಲಿ ಪಟಕ್ಸೆಟ್‌ನ ಸುಮಾರು 20 ಮಂದಿಯನ್ನು ಹಡಗಿಗೆ ಕರೆದು ಬಂಧಿಸಿದನು. ಕೇಪ್ ಕಾಡ್‌ನ ನಾಸೆಟ್ ಜನರಲ್ಲಿ ಏಳು ಮಂದಿಯನ್ನು ಹಿಡಿದನು. ಇದು ಪ್ಲಿಮತ್ ವಸಾಹತಿನವರು ಮುಂದೆ ಸ್ಥಳೀಯರಿಂದ ಕೇಳಿ ಬರೆದ ಲೆಕ್ಕ. ಟಿಸ್ಕ್ವಾಂಟಮ್ ಈ ಸೆರೆಯಾಳುಗಳಲ್ಲಿ ಒಬ್ಬನು.

ಹಂಟ್‌ನ ಈ ಕೃತ್ಯವನ್ನು ಸ್ಮಿತ್ ಮತ್ತು ಗಾರ್ಜಸ್ ಇಬ್ಬರೂ ಕಟುವಾಗಿ ಖಂಡಿಸಿದ್ದಾರೆ. ಆದರೆ ಅವರ ಕೋಪಕ್ಕೆ ಮುಖ್ಯ ಕಾರಣ, ಇದರಿಂದ ಆ ತೀರದ ಜನರು ಇಂಗ್ಲಿಷರ ವ್ಯಾಪಾರಕ್ಕೆ ವಿರೋಧಿಗಳಾದರೆಂಬುದು. ಮಾಲಗಾದಲ್ಲಿ ಹಂಟ್ ಕೆಲವರನ್ನು ಗುಲಾಮರಾಗಿ ಮಾರಿದನು. ಉಳಿದವರನ್ನು ಅಲ್ಲಿಯ ಕ್ರೈಸ್ತ ಸಂನ್ಯಾಸಿಗಳು ಕ್ರೈಸ್ತಧರ್ಮ ಬೋಧಿಸುವ ಉದ್ದೇಶದಿಂದ ತಮ್ಮ ವಶಕ್ಕೆ ತೆಗೆದುಕೊಂಡರು. ಅಮೆರಿಕದ ಮೂಲನಿವಾಸಿಗಳನ್ನು ಗುಲಾಮರನ್ನಾಗಿ ಮಾಡುವುದನ್ನು ಸ್ಪೇನಿನ ಕಾನೂನು 1542ರಲ್ಲಿಯೇ ನಿಷೇಧಿಸಿತ್ತು. ಕಾನೂನು ಪುಸ್ತಕದಲ್ಲಿತ್ತು, ಮಾರಾಟ ಬಂದರಿನಲ್ಲಿ ನಡೆಯುತ್ತಿತ್ತು.

ಇದೇ ಯಾನದ ಇನ್ನೊಂದು ಫಲವೂ ಇಲ್ಲಿ ಹೇಳತಕ್ಕದ್ದು. ಸ್ಮಿತ್ ತನ್ನ ನಕ್ಷೆಯಲ್ಲಿದ್ದ ಸ್ಥಳೀಯ ಹೆಸರುಗಳ ಬದಲಿಗೆ ಇಂಗ್ಲಿಷ್ ಹೆಸರುಗಳನ್ನು ಇಟ್ಟುಕೊಡುವಂತೆ ರಾಜಕುಮಾರ ಚಾರ್ಲ್ಸ್‌ನನ್ನು ಕೇಳಿಕೊಂಡನು. 1616ರಲ್ಲಿ ಆ ನಕ್ಷೆ ಅಚ್ಚಾದಾಗ ಪಟಕ್ಸೆಟ್ ಇದ್ದ ಜಾಗದಲ್ಲಿ ಪ್ಲಿಮತ್ ಎಂದಿತ್ತು. ಮೇಫ್ಲವರ್ ಹೊರಡುವುದಕ್ಕೆ ನಾಲ್ಕು ವರ್ಷ ಮೊದಲೇ, ಊರಿನ ಜನ ಇನ್ನೂ ಪೂರ್ತಿಯಾಗಿ ಸಾಯುವ ಮೊದಲೇ, ಊರಿನ ಹೆಸರು ಬದಲಾಗಿತ್ತು.

ಲಂಡನ್ ಮತ್ತು ನ್ಯೂಫೌಂಡ್‌ಲ್ಯಾಂಡ್

ಸ್ಪೇನಿನಿಂದ ಟಿಸ್ಕ್ವಾಂಟಮ್ ಇಂಗ್ಲೆಂಡಿಗೆ ಬಂದನು. ಲಂಡನ್ನಿನ ಕಾರ್ನ್‌ಹಿಲ್ ಬಡಾವಣೆಯಲ್ಲಿ ಜಾನ್ ಸ್ಲೇನಿ ಎಂಬ ವ್ಯಾಪಾರಿಯ ಮನೆಯಲ್ಲಿ ಇದ್ದನೆಂದು ದಾಖಲೆಗಳಿಂದ ತಿಳಿಯುತ್ತದೆ. ಸ್ಲೇನಿ 1610ರಲ್ಲಿ ಸ್ಥಾಪಿತವಾದ ನ್ಯೂಫೌಂಡ್‌ಲ್ಯಾಂಡ್ ಕಂಪನಿಯ ಖಜಾಂಚಿಯಾಗಿದ್ದನು. ಕಡಲಾಚೆಯ ನಾಡಿನ ಭಾಷೆ, ಬಂದರು, ಮೀನಿನ ನೆಲೆಗಳನ್ನು ಬಲ್ಲ ಮನುಷ್ಯನು ಇಂಥ ಕಂಪನಿಗೆ ಎಷ್ಟು ಉಪಯುಕ್ತನೆಂಬುದನ್ನು ಊಹಿಸುವುದು ಸುಲಭ. ಸ್ಲೇನಿಯ ಮನೆಯಲ್ಲಿ ಅವನು ಅತಿಥಿಯೋ ಆಳೋ ಎಂಬುದಕ್ಕೆ ಸ್ಪಷ್ಟ ಉತ್ತರವಿಲ್ಲ. ಬಹುಶಃ ಎರಡರ ನಡುವಿನ ಸ್ಥಿತಿ. ಇಂಗ್ಲಿಷ್ ಭಾಷೆಯನ್ನು ಚೆನ್ನಾಗಿ ಕಲಿತದ್ದು ಈ ಕಾಲದಲ್ಲಿಯೇ. ಊರಿಗೆ ಮರಳುವ ಆಸೆ ಇದ್ದವನಿಗೆ ಆ ಭಾಷೆಯೊಂದೇ ದಾರಿಯಾಗಿತ್ತು.

ಮುಂದೆ ಕಂಪನಿಯು ಅವನನ್ನು ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಕ್ಯೂಪರ್ಸ್ ಕೋವ್ ವಸಾಹತಿಗೆ ಕಳುಹಿಸಿತು. ಅಲ್ಲಿ ಜಾನ್ ಮೇಸನ್ ಗವರ್ನರ್ ಆಗಿದ್ದನು. ಆ ತೀರದಿಂದ ಪಟಕ್ಸೆಟ್ ಇನ್ನೂ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ, ಆದರೂ ಸಮುದ್ರದ ಈಚೆಯ ದಡ. ಅಲ್ಲಿ ಥಾಮಸ್ ಡರ್ಮರ್ ಎಂಬ ನಾವಿಕನ ಪರಿಚಯವಾಯಿತು. ನ್ಯೂ ಇಂಗ್ಲೆಂಡ್‌ನಲ್ಲಿ ವ್ಯಾಪಾರ ನಡೆಸಲು ಈತನು ತಕ್ಕ ಸಹಾಯಕನೆಂದು ಡರ್ಮರ್ ಗಾರ್ಜಸ್‌ಗೆ ತಿಳಿಸಿದನು. ಇಬ್ಬರೂ 1618ರಲ್ಲಿ ಇಂಗ್ಲೆಂಡಿಗೆ ಹೋಗಿ, 1619ರಲ್ಲಿ ಗಾರ್ಜಸ್‌ನ ಬೆಂಬಲದಿಂದ ನ್ಯೂ ಇಂಗ್ಲೆಂಡ್ ಕಡೆಗೆ ಹೊರಟರು. ಹೀಗೆ ಅಟ್ಲಾಂಟಿಕ್ ಸಾಗರವನ್ನು ನಾಲ್ಕು ಬಾರಿ ದಾಟಿದ ಮೇಲೆ ಟಿಸ್ಕ್ವಾಂಟಮ್ ತನ್ನ ಊರಿನ ಕೊಲ್ಲಿಯನ್ನು ಮತ್ತೆ ಕಂಡನು.

ಮರಳಿ ಬಂದದ್ದು

ಅವನು ಇಲ್ಲದಿದ್ದ ವರ್ಷಗಳಲ್ಲಿ, ಸುಮಾರು 1616ರಿಂದ 1619ರವರೆಗೆ, ಈ ಕರಾವಳಿಯಲ್ಲಿ ಘೋರವಾದ ಸಾಂಕ್ರಾಮಿಕ ರೋಗ ಹರಡಿತ್ತು. ಯುರೋಪಿನ ಹಡಗುಗಳಿಂದ ಬಂದ ಈ ರೋಗಕ್ಕೆ ಸ್ಥಳೀಯರ ದೇಹದಲ್ಲಿ ಪ್ರತಿರೋಧ ಶಕ್ತಿಯಿರಲಿಲ್ಲ. ಸಿಡುಬು, ಪ್ಲೇಗ್, ಇಲಿಗಳ ಮೂಲಕ ಹರಡುವ ಲೆಪ್ಟೊಸ್ಪೈರೋಸಿಸ್ ಎಂದೆಲ್ಲ ವೈದ್ಯರೂ ಇತಿಹಾಸಕಾರರೂ ಊಹಿಸಿದ್ದಾರೆ. ಕರಾವಳಿಯ ಹಲವು ಊರುಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಜನರು ಸತ್ತಿರಬಹುದೆಂಬ ಅಂದಾಜಿದೆ. ಹೆಣಗಳನ್ನು ಹೂಳಲು ಜನರಿಲ್ಲದೆ ಮೂಳೆಗಳು ನೆಲದ ಮೇಲೆಯೇ ಬಿದ್ದಿದ್ದುದನ್ನು ಮುಂದೆ ಬಂದ ಇಂಗ್ಲಿಷರು ನೋಡಿ ಬರೆದಿದ್ದಾರೆ. ಪಶ್ಚಿಮದ ನ್ಯಾರಗ್ಯಾನ್ಸೆಟ್ ಜನರಿಗೆ ಈ ರೋಗ ತಟ್ಟಲಿಲ್ಲ. ವಾಂಪನೋಗರು ಕುಗ್ಗಿದರು, ನೆರೆಯ ನ್ಯಾರಗ್ಯಾನ್ಸೆಟ್‌ರು ಮೊದಲಿನ ಬಲದಲ್ಲಿಯೇ ಉಳಿದರು. ಮುಂದಿನ ರಾಜಕೀಯವೆಲ್ಲ ಈ ಅಸಮತೋಲನದ ಮೇಲೆ ನಿಂತಿದೆ.

1619ರ ಬೇಸಗೆಯಲ್ಲಿ ಡರ್ಮರ್ ಮತ್ತು ಟಿಸ್ಕ್ವಾಂಟಮ್ ತೀರದ ಉದ್ದಕ್ಕೂ ಬಂದಾಗ, ಹಿಂದೆ ಜನರಿಂದ ತುಂಬಿದ್ದ ಊರುಗಳು ಬರಿದಾಗಿದ್ದವು. ಪಟಕ್ಸೆಟ್‌ನಲ್ಲಿ ಎಲ್ಲರೂ ಸತ್ತಿದ್ದರೆಂದು ಡರ್ಮರ್ ತನ್ನ ಪತ್ರದಲ್ಲಿ ಒಂದು ವಾಕ್ಯದ ಭಾಗವಾಗಿ ಬರೆದು ಮುಂದೆ ಸಾಗುತ್ತಾನೆ. ಐದು ವರ್ಷ ಊರಿನ ಕನಸು ಕಂಡ ಮನುಷ್ಯನು ಆ ದಿನ ಏನು ಮಾಡಿದನು, ಯಾವ ಮನೆಯ ಮುಂದೆ ನಿಂತನು ಎಂಬುದನ್ನು ಬರೆಯಬೇಕೆಂದು ಡರ್ಮರ್‌ಗೆ ತೋರಲಿಲ್ಲ. ಅಲ್ಲಿಂದ ಇಬ್ಬರೂ ಒಂದು ದಿನದ ದಾರಿಯ ನೆಮಾಸ್ಕೆಟ್‌ಗೆ ನಡೆದು, ಪೊಕನೋಕೆಟ್‌ನಿಂದ ಬಂದ ಮುಖಂಡರನ್ನು ಕಂಡರು. ಹಿಂದೆ ಇಂಗ್ಲಿಷ್ ಹಡಗೊಂದರವರು ಸ್ಥಳೀಯರನ್ನು ಹಡಗಿನ ಮೇಲೆ ಕರೆದು ಗುಂಡಿಟ್ಟು ಕೊಂದಿದ್ದ ಕಾರಣ ಇಂಗ್ಲಿಷರ ಮೇಲೆ ತೀವ್ರ ದ್ವೇಷವಿತ್ತು. ಟಿಸ್ಕ್ವಾಂಟಮ್ ಗಟ್ಟಿಯಾಗಿ ಬೇಡಿಕೊಳ್ಳದಿದ್ದರೆ ನೆಮಾಸ್ಕೆಟ್‌ನಲ್ಲಿ ತನ್ನ ಪ್ರಾಣ ಹೋಗುತ್ತಿತ್ತೆಂದು ಡರ್ಮರ್ ಒಪ್ಪಿಕೊಂಡಿದ್ದಾನೆ. ಮುಂದೆ ಡರ್ಮರ್ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಎಪನೋ ಎಂಬವನ ಜನರ ದಾಳಿಯಲ್ಲಿ ಗಾಯಗೊಂಡು ವರ್ಜೀನಿಯದಲ್ಲಿ ಸತ್ತನು. ಎಪನೋ ಕೂಡ ಹಿಂದೆ ಇಂಗ್ಲೆಂಡಿಗೆ ಅಪಹೃತನಾಗಿದ್ದು, 1614ರಲ್ಲಿ ಉಪಾಯದಿಂದ ತಪ್ಪಿಸಿಕೊಂಡು ಬಂದವನು. ಒಂದೇ ಬಗೆಯ ಅನ್ಯಾಯಕ್ಕೆ ಒಳಗಾದ ಇಬ್ಬರಲ್ಲಿ ಒಬ್ಬನು ಇಂಗ್ಲಿಷರ ಮೇಲೆ ಬಿಲ್ಲೆತ್ತಿದನು, ಇನ್ನೊಬ್ಬನು ಅವರ ಪರವಾಗಿ ಬೇಡಿಕೊಂಡನು. ಎಪನೋಗೆ ಮರಳಿ ಸೇರಲು ಊರಿತ್ತು, ಜನರಿದ್ದರು. ಈ ವ್ಯತ್ಯಾಸವನ್ನು ಮರೆಯಬಾರದು.

ಡರ್ಮರ್‌ನಿಂದ ಬೇರೆಯಾದ ಮೇಲೆ ಟಿಸ್ಕ್ವಾಂಟಮ್ ಪೊಕನೋಕೆಟ್ ಜನರ ನಡುವೆ ಇದ್ದನು. ಅಲ್ಲಿ ಅವನು ಒಂದು ಬಗೆಯ ಸೆರೆಯಲ್ಲಿಯೇ ಇದ್ದನೆಂದು ಹಲವರು ಊಹಿಸಿದ್ದಾರೆ.

ಮೇಫ್ಲವರ್ ವಲಸಿಗರು ಮತ್ತು 1621ರ ಒಪ್ಪಂದ

ಇಂಗ್ಲೆಂಡಿನ ಚರ್ಚಿನಿಂದ ಬೇರ್ಪಟ್ಟ ಕ್ರೈಸ್ತರೂ ಇತರ ಕೆಲವರೂ ಸೇರಿದ 102 ಪ್ರಯಾಣಿಕರನ್ನು ಹೊತ್ತ ಮೇಫ್ಲವರ್ ಹಡಗು 1620ರ ನವೆಂಬರಿನಲ್ಲಿ ಕೇಪ್ ಕಾಡ್ ತಲುಪಿತು. ವಲಸಿಗರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ನಾಸೆಟ್ ಜನರು ಬಿತ್ತನೆಗೆಂದು ಹೂತಿಟ್ಟಿದ್ದ ಜೋಳವನ್ನು ಅಗೆದು ಒಯ್ದದ್ದು. ನಾಸೆಟ್‌ರು ಬಾಣಗಳಿಂದ ಉತ್ತರಿಸಿದರು. ಹಂಟ್‌ನ ನೆನಪು ಅವರಿಗೆ ಹಸಿಯಾಗಿತ್ತು. ಡಿಸೆಂಬರಿನಲ್ಲಿ ವಲಸಿಗರು ಕೊಲ್ಲಿಯ ಇನ್ನೊಂದು ದಡದಲ್ಲಿ ನೆಲಸಲು ಪಟಕ್ಸೆಟ್‌ನ ಜಾಗವನ್ನು ಆರಿಸಿಕೊಂಡರು. ಕಾಡು ಕಡಿದ ಹೊಲಗಳು ಅಲ್ಲಿ ಸಿದ್ಧವಾಗಿದ್ದವು, ಒಳ್ಳೆಯ ನೀರಿತ್ತು, ತಡೆಯುವವರು ಇರಲಿಲ್ಲ. ಆ ಚಳಿಗಾಲದಲ್ಲಿ ಅವರಲ್ಲಿಯೂ ಸುಮಾರು ಅರ್ಧದಷ್ಟು ಜನ ರೋಗ, ಹಸಿವುಗಳಿಂದ ಸತ್ತರು.

1621ರ ಮಾರ್ಚ್ ತಿಂಗಳಲ್ಲಿ ಮೇನ್ ಕಡೆಯ ಸಮೋಸೆಟ್ ಎಂಬವನು ಒಬ್ಬನೇ ವಸಾಹತಿನೊಳಗೆ ನಡೆದು ಬಂದು ಅರೆಬರೆ ಇಂಗ್ಲಿಷಿನಲ್ಲಿ ಮಾತನಾಡಿಸಿದನು. ಈ ನೆಲದ ಹೆಸರು ಪಟಕ್ಸೆಟ್, ಇಲ್ಲಿಯವರೆಲ್ಲ ಸತ್ತಿದ್ದಾರೆಂದು ವಲಸಿಗರಿಗೆ ತಿಳಿಸಿದವನು ಅವನೇ. ಕೆಲವು ದಿನಗಳ ಅನಂತರ ತನಗಿಂತ ಚೆನ್ನಾಗಿ ಇಂಗ್ಲಿಷ್ ಬಲ್ಲ ಟಿಸ್ಕ್ವಾಂಟಮ್‌ನನ್ನು ಕರೆತಂದನು. ಅದೇ ದಿನ ಊಸಮೆಕ್ವಿನ್ ಸುಮಾರು 60 ಮಂದಿ ಯೋಧರೊಂದಿಗೆ ಬಂದನು. ಟಿಸ್ಕ್ವಾಂಟಮ್‌ನ ನೆರವಿನಿಂದ ಎರಡೂ ಕಡೆಯವರು ಒಪ್ಪಂದ ಮಾಡಿಕೊಂಡರು. ಒಬ್ಬರಿಗೊಬ್ಬರು ಹಾನಿ ಮಾಡಬಾರದು. ಇಂಗ್ಲಿಷರಿಗೆ ಹಾನಿ ಮಾಡಿದ ವಾಂಪನೋಗನನ್ನು ಅವರಿಗೆ ಒಪ್ಪಿಸಬೇಕು. ಅನ್ಯಾಯವಾಗಿ ಯಾರಾದರೂ ಯುದ್ಧ ಹೂಡಿದರೆ ಪರಸ್ಪರ ನೆರವಾಗಬೇಕು. ಭೇಟಿಗೆ ಬರುವಾಗ ಆಯುಧಗಳನ್ನು ಹೊರಗಿಟ್ಟು ಬರಬೇಕು. ನ್ಯಾರಗ್ಯಾನ್ಸೆಟ್‌ರ ಭಯದಲ್ಲಿದ್ದ ಊಸಮೆಕ್ವಿನ್‌ಗೆ ಕೋವಿಯುಳ್ಳ ಮಿತ್ರರು ಬೇಕಾಗಿದ್ದರು. ಅರ್ಧ ಸತ್ತುಳಿದ ವಲಸಿಗರಿಗೆ ಶಾಂತಿ ಬೇಕಾಗಿತ್ತು. ನಡುವೆ ನಿಂತ ದುಭಾಷಿಗೆ ಏನು ಬೇಕಾಗಿತ್ತೆಂದು ಯಾರೂ ಕೇಳಲಿಲ್ಲ. ಅವನು ಮಾತ್ರ ಊಸಮೆಕ್ವಿನ್‌ನೊಂದಿಗೆ ಹಿಂತಿರುಗದೆ ತನ್ನ ಹಳೆಯ ಊರಿನ ನೆಲದಲ್ಲಿ, ಹೊಸಬರ ನಡುವೆ, ಉಳಿದುಕೊಂಡನು.

ಮೀನು ಮತ್ತು ಜೋಳ

ಇಂಗ್ಲೆಂಡಿನಿಂದ ತಂದ ಗೋಧಿ, ಬಟಾಣಿ ಬೀಜಗಳು ಈ ನೆಲದಲ್ಲಿ ಸರಿಯಾಗಿ ಬೆಳೆಯಲಿಲ್ಲ. ಟಿಸ್ಕ್ವಾಂಟಮ್ ಮೆಕ್ಕೆಜೋಳವನ್ನು ಗುಣಿಗಳಲ್ಲಿ ಬಿತ್ತುವುದನ್ನು, ಸವೆದ ಭೂಮಿಗೆ ಮೀನನ್ನು ಗೊಬ್ಬರವಾಗಿ ಹಾಕುವುದನ್ನು, ಪೈರಿನ ಆರೈಕೆಯನ್ನು ತೋರಿಸಿಕೊಟ್ಟನು. ಏಪ್ರಿಲ್ ತಿಂಗಳಲ್ಲಿ ತೊರೆಯನ್ನು ಏರುವ ಮೀನುಗಳು ಯಾವಾಗ ಬರುತ್ತವೆಂಬುದು ಆ ಊರಿನಲ್ಲಿ ಬೆಳೆದವನಿಗಲ್ಲದೆ ಬೇರೆ ಯಾರಿಗೆ ಗೊತ್ತಿರಬೇಕು? ಅವನು ಬಂದ ಮರುದಿನವೇ ಕೆಸರಿನಲ್ಲಿ ಕಾಲಿನಿಂದ ತುಳಿದು ಕೈಯಿಂದಲೇ ಹಾವುಮೀನುಗಳನ್ನು ಹಿಡಿದು ತಂದುಕೊಟ್ಟನೆಂದು ವರದಿಯಲ್ಲಿದೆ. ಬೀವರ್ ಪ್ರಾಣಿಯ ತುಪ್ಪಳವನ್ನು ಎಲ್ಲಿ, ಯಾರಿಂದ ಕೊಳ್ಳಬೇಕೆಂಬುದನ್ನೂ ಅವನಿಂದ ಕಲಿತರು.

ಮೀನುಗೊಬ್ಬರದ ಬಗ್ಗೆ ವಿದ್ವಾಂಸರಲ್ಲಿ ಒಂದು ವಿವಾದವಿದೆ. ಇದು ವಾಂಪನೋಗರ ಪದ್ಧತಿಯಲ್ಲ, ಟಿಸ್ಕ್ವಾಂಟಮ್ ಇದನ್ನು ಯುರೋಪಿನಲ್ಲಿಯೋ ನ್ಯೂಫೌಂಡ್‌ಲ್ಯಾಂಡ್‌ನಲ್ಲಿಯೋ ಕಲಿತಿರಬೇಕೆಂದು ಕೆಲವರು ವಾದಿಸಿದರು. ಇತರರು ಅದನ್ನು ಒಪ್ಪಲಿಲ್ಲ. ಅವನೊಡನೆ ಹೊಲದಲ್ಲಿ ನಿಂತ ವಲಸಿಗರು ಇದನ್ನು ಸ್ಥಳೀಯರ ರೀತಿಯೆಂದೇ ಬರೆದಿದ್ದಾರೆ.

ಆ ವರ್ಷದ ಸುಗ್ಗಿಯ ನಂತರ ವಲಸಿಗರು ಮಾಡಿದ ಮೂರು ದಿನಗಳ ಔತಣದಲ್ಲಿ ಊಸಮೆಕ್ವಿನ್ ಮತ್ತು ಅವನ ಸುಮಾರು 90 ಮಂದಿ ಭಾಗವಹಿಸಿ ಐದು ಜಿಂಕೆಗಳನ್ನು ಬೇಟೆಯಾಡಿ ತಂದರು. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮೂಲವೆಂದು ಇದನ್ನು ಹೇಳುತ್ತಾರೆ. ಚಿತ್ರಗಳಲ್ಲಿ ಸ್ಕ್ವಾಂಟೊ ಈ ಔತಣದ ಕೇಂದ್ರದಲ್ಲಿರುತ್ತಾನೆ. ವಿನ್ಸ್ಲೊ ಬರೆದ ಮೂಲ ಪತ್ರದಲ್ಲಿ ಅವನ ಹೆಸರೇ ಇಲ್ಲ.

ಪ್ರಯಾಣಗಳು

1621ರ ಬೇಸಗೆಯಲ್ಲಿ ವಿನ್ಸ್ಲೊ ಮತ್ತು ಸ್ಟೀಫನ್ ಹಾಪ್ಕಿನ್ಸ್ ಊಸಮೆಕ್ವಿನ್‌ನ ಊರಿಗೆ ಹೋದಾಗ ಟಿಸ್ಕ್ವಾಂಟಮ್ ದಾರಿ ತೋರಿಸಿದನು. ಕಾಡಿನಲ್ಲಿ ತಪ್ಪಿಸಿಕೊಂಡಿದ್ದ ಜಾನ್ ಬಿಲ್ಲಿಂಗ್ಟನ್ ಎಂಬ ಹುಡುಗನು ನಾಸೆಟ್‌ರ ಬಳಿ ಇದ್ದಾನೆಂದು ತಿಳಿದಾಗ ದೋಣಿಯಲ್ಲಿ ಹೋಗಿ ಅವನನ್ನು ಕರೆತರಲು ನೆರವಾದನು. ಆ ಪ್ರಯಾಣದ ದಾರಿಯಲ್ಲಿ, ಕಮಕ್ವಿಡ್ ಎಂಬಲ್ಲಿ, ನೂರು ವರ್ಷವಾಗಿರಬಹುದೆನ್ನುವಷ್ಟು ವೃದ್ಧೆಯೊಬ್ಬಳು ಇಂಗ್ಲಿಷರನ್ನು ನೋಡಲು ಬಂದಳು. ನೋಡಿದೊಡನೆ ತಡೆಯಲಾರದೆ ಅತ್ತಳು. ಕಾರಣ ಕೇಳಿದಾಗ ತಿಳಿದದ್ದು, ಅವಳ ಮೂವರು ಗಂಡುಮಕ್ಕಳು ವ್ಯಾಪಾರಕ್ಕೆಂದು ಹಂಟ್‌ನ ಹಡಗನ್ನು ಹತ್ತಿ ಮರಳಿ ಬರಲಿಲ್ಲ. ಮುಪ್ಪಿನಲ್ಲಿ ಅವಳಿಗೆ ದಿಕ್ಕಿಲ್ಲ. ಇಂಗ್ಲಿಷರು ಹಂಟ್ ಕೆಟ್ಟವನೆಂದು ಹೇಳಿ, ಕೆಲವು ಸಣ್ಣ ವಸ್ತುಗಳನ್ನು ಕೊಟ್ಟು ಸಮಾಧಾನಪಡಿಸಿದರು. ಆ ಮಾತುಗಳನ್ನು ಅವಳ ಭಾಷೆಗೆ ತಿರುಗಿಸಿ ಹೇಳಬೇಕಾದವನು ಅವಳ ಮಕ್ಕಳ ಜೊತೆಯಲ್ಲಿಯೇ ಸೆರೆಹೋಗಿದ್ದ ಟಿಸ್ಕ್ವಾಂಟಮ್. ಈತನ ಜೀವನದ ಎಲ್ಲ ಪ್ರಸಂಗಗಳಲ್ಲಿ ಇದರಷ್ಟು ಮನಸ್ಸನ್ನು ಕಲಕುವುದು ಇನ್ನೊಂದಿಲ್ಲ.

ಆಗಸ್ಟ್ ತಿಂಗಳಲ್ಲಿ, ಇಂಗ್ಲಿಷರ ಸ್ನೇಹವನ್ನು ವಿರೋಧಿಸುತ್ತಿದ್ದ ಕಾರ್ಬಿಟಂಟ್ ಎಂಬ ಸೇಚಮ್ ನೆಮಾಸ್ಕೆಟ್‌ನಲ್ಲಿ ಟಿಸ್ಕ್ವಾಂಟಮ್‌ನನ್ನು ಹಿಡಿದನು. ಅವನು ಸತ್ತರೆ ಇಂಗ್ಲಿಷರಿಗೆ ನಾಲಿಗೆಯೇ ಇಲ್ಲದಂತಾಗುವುದೆಂಬುದು ಕಾರ್ಬಿಟಂಟ್‌ನ ಲೆಕ್ಕ. ಜೊತೆಯಲ್ಲಿದ್ದ ಹೊಬ್ಬಮಾಕ್ ತಪ್ಪಿಸಿಕೊಂಡು ಬಂದು ಸುದ್ದಿ ಮುಟ್ಟಿಸಿದನು. ವಸಾಹತಿನ ಸೈನ್ಯಾಧಿಕಾರಿ ಮೈಲ್ಸ್ ಸ್ಟ್ಯಾಂಡಿಶ್ ಕೆಲವು ಸಶಸ್ತ್ರ ಜನರೊಂದಿಗೆ ರಾತ್ರಿಯಲ್ಲಿ ಹೋಗಿ ಮುತ್ತಿಗೆ ಹಾಕಿದಾಗ ಟಿಸ್ಕ್ವಾಂಟಮ್ ಜೀವಂತವಾಗಿ ಸಿಕ್ಕಿದನು. ಹೊಬ್ಬಮಾಕ್ ಊಸಮೆಕ್ವಿನ್‌ನ ಕಡೆಯ ಗೌರವಾನ್ವಿತ ಯೋಧ; ಅವನೂ ಇಂಗ್ಲಿಷರೊಂದಿಗೇ ವಾಸಿಸುತ್ತಿದ್ದನು. ಇವರಿಬ್ಬರ ನಡುವೆ ಬೆಳೆದ ಪೈಪೋಟಿಯನ್ನು ಇಂಗ್ಲಿಷರು ತಮ್ಮ ಅನುಕೂಲಕ್ಕೆ ಬಳಸಿಕೊಂಡರು. ಬ್ರಾಡ್‌ಫರ್ಡ್ ಟಿಸ್ಕ್ವಾಂಟಮ್‌ನ ಕಡೆಗೂ ಸ್ಟ್ಯಾಂಡಿಶ್ ಹೊಬ್ಬಮಾಕ್‌ನ ಕಡೆಗೂ ಒಲವು ತೋರಿದರೆ ಇಬ್ಬರಿಂದಲೂ ಸರಿಯಾದ ಸುದ್ದಿ ಸಿಗುತ್ತದೆಂಬುದು ಅವರ ಉಪಾಯವಾಗಿತ್ತು.

ಆ ವರ್ಷದ ಕೊನೆಗೆ ನ್ಯಾರಗ್ಯಾನ್ಸೆಟ್‌ರ ದೂತನೊಬ್ಬನು ಹಾವಿನ ಚರ್ಮದಲ್ಲಿ ಸುತ್ತಿದ ಬಾಣಗಳ ಕಟ್ಟನ್ನು ತಂದಿಟ್ಟು ಹೋದನು. ಅದು ಯುದ್ಧದ ಸವಾಲೆಂದು ಟಿಸ್ಕ್ವಾಂಟಮ್ ವಿವರಿಸಿದನು. ಬ್ರಾಡ್‌ಫರ್ಡ್ ಅದೇ ಚರ್ಮದಲ್ಲಿ ಮದ್ದುಗುಂಡು ತುಂಬಿ ಹಿಂದಕ್ಕೆ ಕಳುಹಿಸಿದನು. ಊರಿನ ಸುತ್ತ ಮರದ ಕೋಟೆ ಎದ್ದಿತು.

1622ರ ತಂತ್ರ

ಶಾಲೆಯ ಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗ ಇದು. ಟಿಸ್ಕ್ವಾಂಟಮ್ ಸುತ್ತಲಿನ ಊರುಗಳ ಜನರಿಗೆ ಒಂದು ಭಯವನ್ನು ಹುಟ್ಟಿಸಿದ್ದನು: ಇಂಗ್ಲಿಷರು ತಮ್ಮ ಉಗ್ರಾಣದ ನೆಲದಡಿಯಲ್ಲಿ ಆ ಮಹಾಮಾರಿಯನ್ನು ಹೂತಿಟ್ಟಿದ್ದಾರೆ, ಬೇಕಾದಾಗ ಬೇಕಾದವರ ಮೇಲೆ ಬಿಡಬಲ್ಲರು, ಅವರನ್ನು ಯುದ್ಧಕ್ಕಾಗಲಿ ಶಾಂತಿಗಾಗಲಿ ತಿರುಗಿಸುವ ಶಕ್ತಿ ತನಗಿದೆ. ನೆಲದಡಿ ಇದ್ದುದು ಮದ್ದಿನ ಪೀಪಾಯಿಗಳು. ಜನರು ಹೆದರಿ ಅವನಿಗೆ ಕಾಣಿಕೆ ಕೊಡತೊಡಗಿದರು. ಕೆಲವರು ಊಸಮೆಕ್ವಿನ್‌ನನ್ನು ಬಿಟ್ಟು ಇವನ ರಕ್ಷಣೆ ಬಯಸಿದರು. ಇಡೀ ಊರನ್ನೇ ರೋಗಕ್ಕೆ ಕಳೆದುಕೊಂಡವನು ಆ ರೋಗವನ್ನೇ ತನ್ನ ಆಯುಧವಾಗಿ ಮಾಡಿಕೊಂಡನು.

1622ರ ವಸಂತದಲ್ಲಿ ಸ್ಟ್ಯಾಂಡಿಶ್ ದೋಣಿಯಲ್ಲಿ ವ್ಯಾಪಾರಕ್ಕೆ ಹೊರಟ ಸ್ವಲ್ಪ ಹೊತ್ತಿಗೆ, ಟಿಸ್ಕ್ವಾಂಟಮ್‌ನ ಕುಟುಂಬದವನೊಬ್ಬನು ಮುಖದಲ್ಲಿ ರಕ್ತ ಸುರಿಸುತ್ತ ಓಡಿಬಂದು, ನ್ಯಾರಗ್ಯಾನ್ಸೆಟ್‌ರು, ಕಾರ್ಬಿಟಂಟ್ ಮತ್ತು ಊಸಮೆಕ್ವಿನ್ ಸೇರಿ ದಾಳಿಗೆ ಬರುತ್ತಿದ್ದಾರೆಂದು ಕೂಗಿದನು. ಫಿರಂಗಿ ಹಾರಿಸಿ ದೋಣಿಯನ್ನು ಹಿಂದಕ್ಕೆ ಕರೆಸಲಾಯಿತು. ಹೊಬ್ಬಮಾಕ್ ಇದು ಸುಳ್ಳೆಂದು ಖಂಡಿತವಾಗಿ ಹೇಳಿದನು. ಅವನ ಹೆಂಡತಿಯನ್ನು ಗುಟ್ಟಾಗಿ ಪೊಕನೋಕೆಟ್‌ಗೆ ಕಳುಹಿಸಿ ನೋಡಿದಾಗ ಅಲ್ಲಿ ಯುದ್ಧದ ಸಿದ್ಧತೆಯೇ ಇರಲಿಲ್ಲ. ಇಂಗ್ಲಿಷರನ್ನೂ ಊಸಮೆಕ್ವಿನ್‌ನನ್ನೂ ಕಾದಾಡಿಸಿ ತಾನು ಮೇಲೇರುವ ಹಂಚಿಕೆ ಇದೆಂದು ಎಲ್ಲರಿಗೂ ತಿಳಿಯಿತು.

ಊಸಮೆಕ್ವಿನ್ ಕೋಪದಿಂದ ಅವನನ್ನು ತನಗೆ ಒಪ್ಪಿಸಬೇಕೆಂದು ಕೇಳಿದನು. ಟಿಸ್ಕ್ವಾಂಟಮ್ ತನ್ನ ಪ್ರಜೆ, ಒಪ್ಪಂದದ ಪ್ರಕಾರ ಇಂಗ್ಲಿಷರು ಅವನನ್ನು ಇಟ್ಟುಕೊಳ್ಳುವಂತಿಲ್ಲವೆಂಬುದು ಅವನ ವಾದ. ಒಪ್ಪಂದದ ಮಾತುಗಳನ್ನು ಒಂದು ವರ್ಷದ ಹಿಂದೆ ಎರಡೂ ಕಡೆಯವರಿಗೆ ಅರ್ಥಮಾಡಿಸಿದವನು ಟಿಸ್ಕ್ವಾಂಟಮ್‌ನೇ. ತಲೆಯನ್ನೂ ಕೈಗಳನ್ನೂ ಕತ್ತರಿಸಿ ತರಲೆಂದು ಊಸಮೆಕ್ವಿನ್ ತನ್ನ ಸ್ವಂತ ಚಾಕುವನ್ನು ದೂತರ ಕೈಯಲ್ಲಿ ಕಳುಹಿಸಿದನು. ಜೊತೆಗೆ ಬೀವರ್ ತುಪ್ಪಳಗಳ ಕಾಣಿಕೆ. ಬ್ರಾಡ್‌ಫರ್ಡ್ ಕಾಣಿಕೆಯನ್ನು ನಿರಾಕರಿಸಿದನು, ಆದರೆ ಒಪ್ಪಂದವನ್ನು ಮುರಿಯಲಾರದೆ ಟಿಸ್ಕ್ವಾಂಟಮ್‌ನನ್ನು ಕರೆಸಿದನು. ಅವನು ಓಡಿಹೋಗಲಿಲ್ಲ, ಇದೆಲ್ಲ ಹೊಬ್ಬಮಾಕ್‌ನ ಪಿತೂರಿಯೆಂದು ಹೇಳಿ ಗವರ್ನರನ ನಿರ್ಧಾರಕ್ಕೆ ತಲೆಬಾಗಿದನು. ಅವನನ್ನು ಒಪ್ಪಿಸಬೇಕಾದ ಗಳಿಗೆಯಲ್ಲಿಯೇ ಕೊಲ್ಲಿಯ ಆಚೆ ಅಪರಿಚಿತ ದೋಣಿಯೊಂದು ಕಾಣಿಸಿತು. ಫ್ರೆಂಚರ ದಾಳಿಯಿರಬಹುದು, ಅದು ಯಾರದೆಂದು ತಿಳಿಯುವವರೆಗೆ ಈ ವಿಷಯ ನಿಲ್ಲಲಿ ಎಂದು ಬ್ರಾಡ್‌ಫರ್ಡ್ ನೆಪ ಹೇಳಿದನು. ದೂತರು ಸಿಟ್ಟಿನಿಂದ ಹೊರಟುಹೋದರು. ದೋಣಿ ಇಂಗ್ಲಿಷರದೇ ಆಗಿತ್ತು.

ಈ ತಂತ್ರವನ್ನು ಶುದ್ಧ ಸ್ವಾರ್ಥವೆಂದು ವಿನ್ಸ್ಲೊ ಬರೆದಿದ್ದಾನೆ. ಚದುರಿಹೋದ ತನ್ನವರನ್ನು ಒಗ್ಗೂಡಿಸಿ ಪಟಕ್ಸೆಟ್‌ನಲ್ಲಿ ಮತ್ತೊಮ್ಮೆ ನೆಲೆಯೂರಲು ಅವನು ಯತ್ನಿಸಿರಬಹುದೆಂದು ಈಚಿನ ಕೆಲವು ಇತಿಹಾಸಕಾರರು ಹೇಳುತ್ತಾರೆ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದೇನೂ ಇಲ್ಲ.

ಮರಣ

ಅಂದಿನಿಂದ ಟಿಸ್ಕ್ವಾಂಟಮ್ ಇಂಗ್ಲಿಷರ ಬಳಿಯಿಂದ ದೂರ ಹೋಗುವಂತಿರಲಿಲ್ಲ. 1622ರ ನವೆಂಬರಿನಲ್ಲಿ ಆಹಾರದ ಕೊರತೆಯಿಂದ ಜೋಳ ಕೊಳ್ಳಲು ಬ್ರಾಡ್‌ಫರ್ಡ್ ಸ್ವಾನ್ ಎಂಬ ಹಡಗಿನಲ್ಲಿ ಕೇಪ್ ಕಾಡ್‌ನ ದಕ್ಷಿಣಕ್ಕೆ ಹೊರಟಾಗ ಅವನು ದಾರಿ ತೋರಲು ಜೊತೆಗಿದ್ದನು. ಮರಳುದಿಬ್ಬಗಳ 'ಅಪಾಯದಿಂದ' ಹಡಗು ಮನಮೊಯಿಕ್, ಎಂದರೆ ಇಂದಿನ ಚಾಟಮ್ ಪಟ್ಟಣದ ಬಳಿ ತಂಗಬೇಕಾಯಿತು. ಹೆದರಿ ಅಡಗಿದ್ದ ಅಲ್ಲಿಯ ಜನರನ್ನು ಅವನು ಒಲಿಸಿದನು. ಎಂಟು ಪೀಪಾಯಿ ಜೋಳ ಮತ್ತು ಬೀನ್ಸ್ ದೊರೆಯಿತು. ಅಲ್ಲಿಯೇ ಅವನಿಗೆ ಜ್ವರ ಬಂದು ಮೂಗಿನಿಂದ ರಕ್ತ ಸುರಿಯತೊಡಗಿತು. ಕೆಲವೇ ದಿನಗಳಲ್ಲಿ ತೀರಿಕೊಂಡನು. ಸಾಯುವ ಮುಂಚೆ ಇಂಗ್ಲಿಷರ ದೇವರ ಬಳಿಗೆ ತಾನು ಸೇರುವಂತೆ ಪ್ರಾರ್ಥಿಸಲು ಬ್ರಾಡ್‌ಫರ್ಡ್‌ನನ್ನು ಕೇಳಿಕೊಂಡು, ತನ್ನ ವಸ್ತುಗಳನ್ನು ಇಂಗ್ಲಿಷ್ ಗೆಳೆಯರಿಗೆ ಹಂಚಿದನೆಂದು ಬ್ರಾಡ್‌ಫರ್ಡ್ ಬರೆದಿದ್ದಾನೆ. ಊಸಮೆಕ್ವಿನ್‌ನ ಕಡೆಯವರು ವಿಷ ಹಾಕಿರಬಹುದೆಂಬ ಊಹೆಗೆ ಆಧಾರವಿಲ್ಲ. ಅವನ ಸಮಾಧಿ ಎಲ್ಲಿದೆಯೆಂದು ಗೊತ್ತಿಲ್ಲ.

ಅನಂತರದ ಕಾಲ

ಊಸಮೆಕ್ವಿನ್ ಬದುಕಿದ್ದಷ್ಟು ಕಾಲ, ಎಂದರೆ ಸುಮಾರು 1661ರವರೆಗೆ, 1621ರ ಒಪ್ಪಂದ ಉಳಿಯಿತು. ಅವನ ಮಗ ಮೆಟಕಾಮ್‌ನ ಕಾಲದಲ್ಲಿ, 1675-76ರಲ್ಲಿ, ಭೂಮಿಯ ಒತ್ತುವರಿಯಿಂದ ನೊಂದ ಮೂಲನಿವಾಸಿಗಳಿಗೂ ಇಂಗ್ಲಿಷರಿಗೂ ಘೋರ ಯುದ್ಧ ನಡೆಯಿತು. ಮೆಟಕಾಮ್‌ನ ತಲೆಯನ್ನು ಪ್ಲಿಮತ್‌ನಲ್ಲಿ ಕಂಬಕ್ಕೇರಿಸಿ ಹಲವು ವರ್ಷ ಇಡಲಾಗಿತ್ತು. ಸೆರೆಸಿಕ್ಕ ಅನೇಕರನ್ನು ಹಡಗು ಹತ್ತಿಸಿ ಗುಲಾಮರಾಗಿ ಮಾರಲಾಯಿತು.

ವಾಂಪನೋಗರು ಅಳಿದುಹೋಗಲಿಲ್ಲ. ಮಾರ್ಥಾಸ್ ವಿನ್‌ಯಾರ್ಡ್‌ನ ಅಕ್ವಿನ್ನಾ ಸಮುದಾಯಕ್ಕೆ 1987ರಲ್ಲಿ, ಕೇಪ್ ಕಾಡ್‌ನ ಮ್ಯಾಶ್‌ಪೀ ಸಮುದಾಯಕ್ಕೆ 2007ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಮಾನ್ಯತೆ ದೊರೆಯಿತು. ಟಿಸ್ಕ್ವಾಂಟಮ್ ಆಡುತ್ತಿದ್ದ ಭಾಷೆಯನ್ನು ತಾಯ್ನುಡಿಯಾಗಿ ಆಡುವವರು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲವಾದರು. 1663ರಲ್ಲಿ ಆ ಭಾಷೆಯಲ್ಲಿ ಅಚ್ಚಾದ ಬೈಬಲ್ ಮತ್ತು ವಾಂಪನೋಗರೇ ಬರೆದಿಟ್ಟ ಹಳೆಯ ಪತ್ರಗಳ ಆಧಾರದಿಂದ, 1993ರಲ್ಲಿ ಆರಂಭವಾದ ಯೋಜನೆಯೊಂದರ ಮೂಲಕ ಜೆಸ್ಸಿ ಲಿಟಲ್ ಡೋ ಬೇರ್ಡ್ ಮತ್ತು ಅವರ ಸಂಗಡಿಗರು ಅದನ್ನು ಮತ್ತೆ ಮಕ್ಕಳಿಗೆ ಕಲಿಸುತ್ತಿದ್ದಾರೆ.

ಪ್ಲಿಮತ್ ಪಟ್ಟಣದಲ್ಲಿ 1970ರಿಂದ ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನವೇ ಮೂಲನಿವಾಸಿಗಳು ಸೇರಿ ರಾಷ್ಟ್ರೀಯ ಶೋಕದಿನವನ್ನು ಆಚರಿಸುತ್ತಾರೆ. ಅಲ್ಲಿಯ ವಸಾಹತು ಜೀವನದ ಬಯಲು ವಸ್ತುಸಂಗ್ರಹಾಲಯವು 2020ರಲ್ಲಿ ತನ್ನ ಹೆಸರಿಗೆ ಪಟಕ್ಸೆಟ್ ಎಂಬುದನ್ನು ಸೇರಿಸಿಕೊಂಡಿತು. ಊರಿನ ನಡುವೆ ಹರಿಯುವ ಟೌನ್ ಬ್ರೂಕ್ ತೊರೆಗೆ ಅಡ್ಡವಾಗಿದ್ದ ಹಳೆಯ ಗಿರಣಿಗಳ ಕಟ್ಟೆಗಳನ್ನು 2002ರಿಂದೀಚೆಗೆ ಒಂದೊಂದಾಗಿ ತೆಗೆಯಲಾಗಿದ್ದು, ವಸಂತದಲ್ಲಿ ಹೆರಿಂಗ್ ಮೀನುಗಳು ಈಗ ಮತ್ತೆ ಅದನ್ನು ಏರಿ ಬರುತ್ತಿವೆ.